ಗಣಕಸಂಗೀತದಲ್ಲಿ ಸ್ವರದ ಅವಧಿ ಮತ್ತು ಕಾಲಪ್ರಮಾಣ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸರು 1957ರಲ್ಲಿ ರಚಿಸಿದ ‘ಮ್ಯೂಸಿಕ್’ ಎಂಬ ಗಣಕಕ್ರಮದ ಪರಂಪರೆಗೆ ಸೇರಿದುದು ಬ್ಯಾರಿ ವರ್ಕೋ ಅವರ ‘ಸಿಸೌಂಡ್’. 1986ರಲ್ಲಿ ಹೊರಬಂದ ಈ ಭಾಷೆ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ವಾದ್ಯದ ವಿವರಣೆಯೇ ಬೇರೆ, ಸ್ವರಪಟ್ಟಿಯೇ ಬೇರೆ. ಪಟ್ಟಿಯ ಪ್ರತಿಯೊಂದು ಸಾಲಿನಲ್ಲಿಯೂ ವಾದ್ಯದ ಸಂಖ್ಯೆ, ಸ್ವರದ ಆರಂಭ, ಅದರ ಅವಧಿ ಎಂಬ ಮೂರು ಅಂಶಗಳು ಮೊದಲು ಬರುತ್ತವೆ. ಆರಂಭವೂ ಅವಧಿಯೂ ಪ್ರತ್ಯೇಕವಾಗಿರುವುದೇ ಈ ಪದ್ಧತಿಯ ಹಿರಿಮೆ. ನಮ್ಮ ಸಂಗೀತಪಾಠಗಳ ಸ್ವರಲಿಪಿಯಲ್ಲಿ ಒಂದು ಅಲ್ಪವಿರಾಮವು ಸ್ವರವನ್ನು ಒಂದು ಅಕ್ಷರಕಾಲ ನೀಳಗೊಳಿಸುತ್ತದೆ. ಆದರೆ ಆ ಕಾಲವೆಲ್ಲ ನಾದ ತುಂಬಿರಬೇಕೆ, ನಡುವೆ ಬಿಡುವಿರಬೇಕೆ ಎಂಬುದನ್ನು ಗುರುಮುಖದಿಂದಲೇ ಅರಿಯಬೇಕು. ಯಂತ್ರಕ್ಕೆ ಗುರುವಿಲ್ಲ. ಮುಂದಿನ ಸ್ವರ ಒಂದು ಮಾತ್ರೆಯ ಅನಂತರ ಬರುವಾಗ ಹಿಂದಿನದಕ್ಕೆ 0.8 ಮಾತ್ರೆ ಎಂದು ಬರೆದರೆ ನುಡಿತ ಬಿಡಿಬಿಡಿಯಾಗುತ್ತದೆ, 1.1 ಎಂದರೆ ಒಂದರ ಮೇಲೊಂದು ಹಾಯುತ್ತದೆ.

ಕಾಲಪ್ರಮಾಣಕ್ಕೆ ‘ಟಿ’ ಎಂಬ ಒಂದೇ ಸಾಲು ಸಾಕು. ಅದಿಲ್ಲದಿದ್ದರೆ ನಿಮಿಷಕ್ಕೆ 60 ಮಾತ್ರೆಗಳೆಂದೇ ಲೆಕ್ಕ. ಮೊದಲಿಗೆ 60, ಹದಿನಾರನೆಯ ಮಾತ್ರೆಗೆ 120 ಎಂದು ಬರೆದರೆ, ಒಂದೊಂದು ಮಾತ್ರೆಯ ಉದ್ದವು ಒಂದು ಸೆಕೆಂಡಿನಿಂದ ಅರ್ಧ ಸೆಕೆಂಡಿಗೆ ಸಮವಾಗಿ ಇಳಿಯುತ್ತದೆ. ಆ ಹದಿನಾರು ಮಾತ್ರೆಗಳು ಹನ್ನೆರಡು ಸೆಕೆಂಡುಗಳಲ್ಲಿ ಮುಗಿಯುತ್ತವೆ. ಲೆಕ್ಕ ಅಚ್ಚುಕಟ್ಟಾದುದು.

ಆದರೆ ದೋಷವೂ ಇಲ್ಲಿಯೇ ಅಡಗಿದೆ. ‘ಟಿ’ ಸಾಲು ಸ್ವರಪಟ್ಟಿಯನ್ನು ಮಾತ್ರ ಕುಗ್ಗಿಸುತ್ತದೆ. ವಾದ್ಯದ ವಿವರಣೆಯಲ್ಲಿ ಸೆಕೆಂಡುಗಳಲ್ಲಿ ಬರೆದಿಟ್ಟುದನ್ನು ಮುಟ್ಟುವುದಿಲ್ಲ. ನಾದವು ಏರಲು 0.1 ಸೆಕೆಂಡು, ಇಳಿಯಲು 0.2 ಸೆಕೆಂಡು ಎಂದು ‘ಲಿನೆನ್’ ಎಂಬ ಘಟಕದಲ್ಲಿ ನಿಗದಿಯಾಗಿರಲಿ. ಅರ್ಧ ಮಾತ್ರೆಯ ಸ್ವರ 60ರ ಕಾಲದಲ್ಲಿ ಅರ್ಧ ಸೆಕೆಂಡು ನಿಲ್ಲುತ್ತದೆ. ನಾದ ಪೂರ್ಣವಾಗಿ ಅರಳುತ್ತದೆ. 120ಕ್ಕೆ ಅದು ಕಾಲು ಸೆಕೆಂಡಾದಾಗ ಏರಿಕೆ ಮುಗಿಯುವ ಮೊದಲೇ ಇಳಿಕೆ ತೊಡಗುತ್ತದೆ. ನಾದದ ಎತ್ತರ ಮುಕ್ಕಾಲನ್ನು ಮೀರುವುದಿಲ್ಲ. ವೇಗ ಹೆಚ್ಚಿಸಹೊರಟವನಿಗೆ ಧ್ವನಿ ಏಕೆ ಸೊರಗಿತೆಂದು ತಿಳಿಯದು. ಏರಿಕೆಯನ್ನು ಅವಧಿಯ ಐದನೆಯ ಒಂದು ಪಾಲೆಂದು ಬರೆಯುವುದು ಹಲವರು ಹಿಡಿಯುವ ಉಪಾಯ. ಅದೂ ತೃಪ್ತಿಕರವಲ್ಲ: ಐದು ಸೆಕೆಂಡಿನ ಸ್ವರ ತಲೆಯೆತ್ತಲು ಒಂದು ಸೆಕೆಂಡು ತೆಗೆದುಕೊಂಡರೆ ಮೀಟಿನ ಗುಣವೇ ಹೋಗುತ್ತದೆ. ಎರಡರಲ್ಲಿ ಕಿರಿದಾದುದನ್ನು ಆರಿಸುವಂತೆ ಬರೆಯುವುದು ಮೇಲು.

ಸ್ವರಗಳ ಮೇಲೆ ಗೆರೆ ಎಳೆದರೆ ವೇಗ ಇಮ್ಮಡಿಯೆಂದು ಕರ್ಣಾಟಕ ಸಂಗೀತದ ವಿದ್ಯಾರ್ಥಿಯೂ ಕಲಿಯುತ್ತಾನೆ. ಆದರೆ ತೋಡಿಯ ಗಾಂಧಾರವನ್ನು ಎರಡನೆಯ ಕಾಲದಲ್ಲಿ ಹಾಡುವಾತನು ಮೊದಲ ಕಾಲದ ತೂಗುಗಳನ್ನೆಲ್ಲ ಇಮ್ಮಡಿ ಬಿರುಸಿನಿಂದ ತೂಗುವುದಿಲ್ಲ. ಕೆಲವನ್ನು ಬಿಟ್ಟು, ರಾಗಚ್ಛಾಯೆಗೆ ಬೇಕಾದಷ್ಟನ್ನೇ ಉಳಿಸಿಕೊಳ್ಳುತ್ತಾನೆ. ಆ ಬಿಡುವಿಕೆಯನ್ನು ‘ಟಿ’ ಸಾಲಿನಲ್ಲಿ ಬರೆಯಲು ಸ್ಥಳವಿಲ್ಲ. ವಾದ್ಯವನ್ನು ವಿವರಿಸುವಾತನೇ ಯಾವ ಅವಧಿಗೆ ಎಷ್ಟು ತೂಗು ಎಂಬುದನ್ನು ಅಲ್ಲಿಯೇ ಗೊತ್ತುಮಾಡಬೇಕಾಗುತ್ತದೆ.