ಮುಳುಗಡೆಯ ಋಣ: ‘ಪರಿಹಾರ’ ಪರಿಕಲ್ಪನೆಯ ನೈತಿಕ ವಿಮರ್ಶೆ

ಕೃಷ್ಣಾ ಮೇಲ್ದಂಡೆ ಯೋಜನೆಯ ಇತಿಹಾಸವನ್ನು ಬಹುಮಟ್ಟಿಗೆ ನೀರಾವರಿಯ ಸಾಧನೆಯೆಂದೇ ಬರೆಯಲಾಗಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ನೆರವೇರಿಸಿದಂದಿನಿಂದ ಎಕರೆ ಮತ್ತು ಟಿ.ಎಂ.ಸಿ.ಗಳೇ ಅದರ ಪರಿಭಾಷೆ. ಆ ಪರಿಭಾಷೆಯಲ್ಲಿ ‘ಪರಿಹಾರ’ವೆಂದರೆ ಹಣ ಮಾತ್ರ. ಆದರೆ ದೋಷಪರಿಹಾರ, ಪಾಪಪರಿಹಾರ ಎಂಬ ಕನ್ನಡದ ಬಳಕೆಗಳಲ್ಲಿ ತಪ್ಪಿನ ಒಪ್ಪಿಗೆಯೂ ಅಡಗಿದೆ. ಈ ಅರ್ಥಸಂಕೋಚವೇ ಇಲ್ಲಿಯ ಮೂಲಪ್ರಶ್ನೆ.

1894ರ ಭೂಸ್ವಾಧೀನ ಕಾಯ್ದೆ ಜಮೀನಿನ ಬೆಲೆಯನ್ನು ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ದರಕ್ಕೆ ಕಟ್ಟಿಹಾಕಿತ್ತು. ಆಕ್ಷೇಪಣೆ ದಾಖಲಿಸದೆ ಹಣ ಪಡೆದವನು 18ನೆಯ ಕಲಮಿನಡಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ಅಕ್ಷರ ಬಲ್ಲವನಿಗೂ ಬಾರದವನಿಗೂ ಒಂದೇ ಕಾನೂನು ಬೇರೆ ಬೇರೆ ಫಲ ಕೊಡಲು ಇಷ್ಟೇ ಸಾಕು. ಭೂಮಿಯಲ್ಲಿ ಹಕ್ಕಿಲ್ಲದ ಕೃಷಿಕೂಲಿಗಳ ಜೀವನೋಪಾಯದ ನಷ್ಟವಂತೂ ಅದರ ಲೆಕ್ಕಕ್ಕೇ ಬರಲಿಲ್ಲ.

ವಿಜಯಪುರ ಜಿಲ್ಲೆಯ ಭೂಗೋಳವೇ ಈ ಸಮಸ್ಯೆಯನ್ನು ಸ್ಪಷ್ಟಪಡಿಸುತ್ತದೆ. ನದಿದಂಡೆಯ ಅಂದಿನ ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳು ಜಲಾಶಯಗಳಿಗೆ ನೆಲ ಕೊಟ್ಟವು. ಕಾಲುವೆಯ ನೀರು ಸಿಂದಗಿ, ಇಂಡಿಗಳವರೆಗೆ ಹರಿಯಿತು. ಬರಗಾಲದಲ್ಲಿ ಬೆಂದ ಇಂಡಿಯ ರೈತ ತಪ್ಪಿತಸ್ಥನಲ್ಲ. ಆದರೂ ಅಪರಾಧವಿಲ್ಲದೆಯೂ ಋಣವಿರಲು ಸಾಧ್ಯ. ಅನ್ಯರ ನಷ್ಟದಿಂದ ಬಂದ ಲಾಭವೇ ಅದಕ್ಕೆ ಆಧಾರ. ಆ ಋಣವನ್ನು ತೀರಿಸುವ ಹೊಣೆ ಮಾತ್ರ ಯೋಜನೆಯನ್ನು ರೂಪಿಸಿದ ಪ್ರಭುತ್ವದ್ದು.

2014ರ ಜನವರಿಯಲ್ಲಿ ಜಾರಿಗೆ ಬಂದ 2013ರ ಕಾಯ್ದೆ ಭೂರಹಿತ ಕೂಲಿಗಳನ್ನೂ ಗೇಣಿದಾರರನ್ನೂ ‘ಬಾಧಿತ ಕುಟುಂಬ’ಗಳ ವ್ಯಾಪ್ತಿಗೆ ತಂದಿತು. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತದಲ್ಲಿ ಮುಳುಗುವ 75,563 ಎಕರೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಎಕರೆಗೆ ನೀರಾವರಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ರೂಪಾಯಿ ದರವನ್ನು ಒಪ್ಪಿತು. ಈ ಔದಾರ್ಯ ಸ್ವಾಗತಾರ್ಹ. ಆದರೆ ಅದೇ ಜಲಾಶಯಕ್ಕೆ ಮೊದಲೇ ನೆಲ ಬಿಟ್ಟು, ಐತೀರ್ಪಿನ ಹಣ ಪಡೆದು ಕಡತ ಮುಚ್ಚಿಸಿಕೊಂಡವರಿಗೆ ಇದು ಅನ್ವಯಿಸದು. ಹೊಸ ದರವು ಹಳೆಯ ಅನ್ಯಾಯಕ್ಕೆ ಪರೋಕ್ಷ ಸಾಕ್ಷ್ಯವಾಗುತ್ತದೆಯೇ ಹೊರತು ಪ್ರಾಯಶ್ಚಿತ್ತವಾಗುವುದಿಲ್ಲ.

ಯುದ್ಧಕಾಲದಲ್ಲಿ ಬಂಧನದಲ್ಲಿಟ್ಟ ಜಪಾನಿ ಮೂಲದವರಿಗೆ ಅಮೆರಿಕ 1988ರ ಕಾಯ್ದೆಯಲ್ಲಿ ತಲಾ 20,000 ಡಾಲರುಗಳ ಜೊತೆಗೆ ಕ್ಷಮಾಯಾಚನೆಯನ್ನೂ ಸಲ್ಲಿಸಿತು; ಆದರೆ ಹಣ ಸಂದದ್ದು ಅಂದು ಬದುಕಿದ್ದವರಿಗೆ. ಎರಡೂ ಪ್ರಕರಣಗಳ ಸ್ವರೂಪ ಬೇರೆ. ಆದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ: ತಪ್ಪನ್ನು ಹೆಸರಿಸದ ಹಣ ಬೆಲೆಯಾಗುತ್ತದೆ, ಪರಿಹಾರವಾಗದು, ತಡವಾದ ನ್ಯಾಯ ಕೆಲವರನ್ನು ಎಂದೂ ತಲುಪದು. ಮೊದಲ ಹಂತಗಳ ಮುಚ್ಚಿದ ಕಡತಗಳನ್ನು ಮರಳಿ ತೆರೆದು, ಭೂರಹಿತರನ್ನೂ ಒಳಗೊಂಡ ಸಂತ್ರಸ್ತರ ಪಟ್ಟಿಯನ್ನು ಸಿದ್ಧಪಡಿಸುವುದು ಆ ದಿಕ್ಕಿನ ಮೊದಲ ಹೆಜ್ಜೆ.