ನೂರಾ ಎರಡು ಸಂಚಿಕೆ, ಒಂದರ ಹಿಂದೆ ಒಂದು

ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಯಲ್ಲಿ ಸಿಗುತ್ತಿದ್ದ ಅಮೆರಿಕದ ಕಾಮಿಕ್ಸ್‌ಗಳಿಗೆ ತಲೆಯೂ ಇರುತ್ತಿರಲಿಲ್ಲ, ಬಾಲವೂ ಇರುತ್ತಿರಲಿಲ್ಲ. ರಕ್ಷಾಪುಟ ಹರಿದಿರುತ್ತಿತ್ತು. ಕಥೆ ಎಲ್ಲೋ ನಡುವೆ ಶುರುವಾಗಿ, ಹೊಡೆದಾಟ ಕಾವೇರುವ ಹೊತ್ತಿಗೆ ಮುಂದಿನ ಸಂಚಿಕೆಯಲ್ಲಿ ನೋಡಿ ಅಂತ ಕೈಬಿಡುತ್ತಿತ್ತು. ಆ ಮುಂದಿನ ಸಂಚಿಕೆ ಮತ್ತೆಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗೆ ಅಲ್ಲೊಂದು ಇಲ್ಲೊಂದು ಓದಿ ಬೆಳೆದ ನನಗೆ, ಆ ಸೂಪರ್‌ಹೀರೋ ಲೋಕವನ್ನು ಯಾರೋ ಮೊದಲೇ ಕೂತು ನಕ್ಷೆ ಹಾಕಿ ಕಟ್ಟಿರಬೇಕು ಎಂಬ ಭಾವನೆ ಗಟ್ಟಿಯಾಗಿ ಉಳಿದುಬಿಟ್ಟಿತ್ತು. ಅದು ಕಳಚಿದ್ದು ಇತ್ತೀಚೆಗೆ, ಮಾರ್ವೆಲ್‌ನ ‘ಫೆಂಟಾಸ್ಟಿಕ್ ಫೋರ್’ ಮಾಲಿಕೆಯ ಮೊದಲ 102 ಸಂಚಿಕೆಗಳನ್ನು ಮರುಮುದ್ರಣದ ಸಂಪುಟಗಳಲ್ಲಿ ಒಂದನ್ನೂ ಬಿಡದೆ ಸಾಲಾಗಿ ಓದಿದಾಗ. 1961ರಿಂದ 1970ರವರೆಗೆ ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಗಾರ ಜ್ಯಾಕ್ ಕರ್ಬಿ ಜೊತೆಯಾಗಿ ಮಾಡಿದ ಕೆಲಸ ಅದು.

ನಕ್ಷೆ ಇರಲೇ ಇಲ್ಲ. ಮೊದಲ ಸಂಚಿಕೆ ತೆರೆದರೆ ಸಾಕು, ಗೊತ್ತಾಗುತ್ತದೆ. ಕಥೆಯ ನಾಯಕರಾದ ರೀಡ್, ಸೂ, ಜಾನಿ, ಬೆನ್ ನಾಲ್ವರಿಗೂ ಸಮವಸ್ತ್ರವಿಲ್ಲ, ಅದು ಬರುವುದು ಮೂರನೆಯದರಲ್ಲಿ. ಊರು ಸೆಂಟ್ರಲ್ ಸಿಟಿ. ನಾಲ್ಕನೆಯದರ ಹೊತ್ತಿಗೆ ಯಾರಿಗೂ ಹೇಳದೆ ಕೇಳದೆ ನ್ಯೂಯಾರ್ಕ್ ಆಗಿದೆ. ಗಗಾರಿನ್ ಅಂತರಿಕ್ಷಕ್ಕೆ ಹೋಗಿ ಬಂದ ವರ್ಷವೇ ಅಚ್ಚಾದ ಕಥೆಯಾದ್ದರಿಂದ, ಕಮ್ಯುನಿಸ್ಟರು ಮುಂದೆ ಹೋಗಿಬಿಟ್ಟಾರೆಂಬ ಅವಸರದಲ್ಲಿ ನಾಲ್ವರು ಅನುಮತಿಯಿಲ್ಲದೆ ರಾಕೆಟ್ ಹತ್ತುತ್ತಾರೆ. ವಿಶ್ವಕಿರಣ ತಾಗಿ ರೂಪ ಬದಲಾದ ಮೇಲೆ ಅವರು ಮೊದಲು ಮಾಡುವ ಕೆಲಸ ಜಗಳ. ಸೂಪರ್‌ಹೀರೋ ಕಾಮಿಕ್ಸ್‌ಗೆ ಆಗ ಹೊಸದಾಗಿದ್ದದ್ದು ಈ ಜಗಳವೇ.

ಈ ತಡಕಾಟಕ್ಕೆ ವ್ಯಾಪಾರದ ಕಾರಣವೂ ಇತ್ತು. 1957ರಲ್ಲಿ ತನ್ನ ವಿತರಣಾ ವ್ಯವಸ್ಥೆ ಕುಸಿದ ಮೇಲೆ ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಪ್ರತಿಸ್ಪರ್ಧಿ ನ್ಯಾಷನಲ್ ಸಂಸ್ಥೆಯವರದೇ ವಿತರಣೆಗೆ ಮೊರೆಹೋಗಬೇಕಾಯಿತು. ತಿಂಗಳಿಗೆ ಎಂಟು ಪುಸ್ತಕ, ಅಷ್ಟೇ ಎಂದು ಅವರು ಕಟ್ಟು ಹಾಕಿದರು. ಹಾಗಾಗಿ ‘ಫೆಂಟಾಸ್ಟಿಕ್ ಫೋರ್’ ಶುರುವಾದದ್ದು ಎರಡು ತಿಂಗಳಿಗೊಮ್ಮೆ ಬರುವ ಪತ್ರಿಕೆಯಾಗಿ. ಬೆಲೆ ಹತ್ತು ಸೆಂಟ್. ಓಡಿದರೆ ಓಡಲಿ, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಂದು ಎಂಬ ಲೆಕ್ಕ. ಹತ್ತು ವರ್ಷದ ಕಥೆಯನ್ನು ಯಾರು ಯೋಚಿಸಿಟ್ಟಿರುತ್ತಾರೆ?

ಕ್ರಮವಾಗಿ ಓದುವುದರ ಮೊದಲ ಸುಖ, ತಪ್ಪುಗಳನ್ನು ಹಿಡಿಯುವುದು. ಎರಡನೆಯದು, ಆ ತಪ್ಪುಗಳಿಗೆ ಅವರು ಹಾಕಿದ ತೇಪೆ ನೋಡುವುದು. 1964ರಲ್ಲಿ 25ನೇ ಸಂಚಿಕೆ ಬರೆಯುವಾಗ ಹಲ್ಕ್‌ನ ನಿಜನಾಮ ಬ್ರೂಸ್ ಬ್ಯಾನರ್ ಎಂಬುದು ಲೀಗೆ ಮರೆತುಹೋಗಿ, ಬಾಬ್ ಬ್ಯಾನರ್ ಎಂದು ಬರೆದುಬಿಟ್ಟರು. ಓದುಗರು ಬಿಡುತ್ತಾರೆಯೇ? ಕೆಲವು ತಿಂಗಳ ನಂತರ ಪತ್ರಗಳ ಪುಟದಲ್ಲಿ ಉತ್ತರ ಬಂತು: ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್. ಇವತ್ತಿಗೂ ಅದೇ ಅವನ ಅಧಿಕೃತ ಹೆಸರು. ಬಾಯಿತಪ್ಪಿ ಬಂದದ್ದು ಹೀಗೆ ಶಾಸ್ತ್ರವಾಗಿ ಹೋಗುತ್ತದೆ. ಡಾಕ್ಟರ್ ಡೂಮ್‌ನ ಕಥೆಯೂ ಅಷ್ಟೆ. 5ನೇ ಸಂಚಿಕೆಯಲ್ಲಿ ಮೊದಲ ಸಲ ಬರುವ ಈತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ನಿಧಿ ತಂದುಕೊಡಿ ಎಂದು ನಾಯಕರನ್ನು ಹಿಂದಿನ ಕಾಲಕ್ಕೆ ಅಟ್ಟುವ ಸಾಧಾರಣ ಖಳ. ಎರಡು ವರ್ಷ ಕಳೆದು 1964ರ ವಾರ್ಷಿಕ ಸಂಚಿಕೆಗೆ ಬರುವಷ್ಟರಲ್ಲಿ ಅವನಿಗೊಂದು ದೇಶ, ಒಂದು ಬಾಲ್ಯ, ತಾಯಿಯ ನೆನಪು ಎಲ್ಲ ದಕ್ಕಿವೆ. ಆ ಲೋಹದ ಮುಖವಾಡದ ಹಿಂದೆ ಒಬ್ಬ ರಾಜ ಕೂತಿದ್ದಾನೆಂಬುದು ಬರೆಯುತ್ತ ಬರೆಯುತ್ತ ಅವರಿಗೇ ಹೊಳೆದದ್ದು.

ಸುಖದ ಮಾತು ಒಂದೆಡೆ ಇರಲಿ. ಸೂ ಸ್ಟಾರ್ಮ್‌ಳ ಪಾತ್ರ ಕ್ರಮವಾಗಿ ಓದಿದಷ್ಟೂ ಕಸಿವಿಸಿ ಹುಟ್ಟಿಸುತ್ತದೆ. ಅವಳ ಶಕ್ತಿ ಅದೃಶ್ಯಳಾಗುವುದು, ಅವಳ ಕೆಲಸ ಸಿಕ್ಕಿಬೀಳುವುದು. ಬಿಡಿ ಸಂಚಿಕೆ ಓದಿದರೆ ಇದು ಆ ಕಾಲದ ರೂಢಿ ಎಂದು ಮುಂದೆ ಹೋಗಬಹುದು. ಸಾಲಾಗಿ ಇಪ್ಪತ್ತು ಓದಿದಾಗ ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗದು. ಆಗಿನ ಓದುಗರೇ ಇವಳಿಂದೇನು ಉಪಯೋಗ ಎಂದು ಕಾಗದ ಬರೆದಿದ್ದರು. 11ನೇ ಸಂಚಿಕೆಯಲ್ಲಿ ಲೀ–ಕರ್ಬಿ ಅದಕ್ಕೆ ಕಥೆಯೊಳಗೇ ಉತ್ತರ ಕೊಡುತ್ತಾರೆ: ರೀಡ್ ಮತ್ತು ಬೆನ್ ಇಬ್ಬರೂ ಸೂ ಪರವಾಗಿ ವಾದಿಸುತ್ತ ಅಬ್ರಹಾಂ ಲಿಂಕನ್‌ನ ತಾಯಿಯನ್ನು ಉದಾಹರಿಸುತ್ತಾರೆ. ಸಮರ್ಥನೆ ದೂರಿಗಿಂತ ಹೆಚ್ಚು ಚುಚ್ಚುತ್ತದೆ. 22ನೇ ಸಂಚಿಕೆಯಲ್ಲಿ ಕಣ್ಣಿಗೆ ಕಾಣದ ರಕ್ಷಾಕವಚ ಹೊಮ್ಮಿಸುವ ಶಕ್ತಿ ಕೊಟ್ಟ ಮೇಲೆ ಅವಳು ನಿಜಕ್ಕೂ ಪ್ರಬಲಳು. ಆದರೂ ಆ ಶಕ್ತಿಯನ್ನು ಏನು ಮಾಡಬೇಕೆಂದು ಬರೆಯುವವರಿಗೆ ಗೊತ್ತಿಲ್ಲ. ಮದುವೆಯಾಗಿ, 1968ರಲ್ಲಿ ಮಗು ಹೆತ್ತ ಮೇಲೂ ಅವಳ ಸೂಪರ್‌ಹೀರೋ ಹೆಸರಿನಲ್ಲಿ ‘ಗರ್ಲ್’ ಉಳಿಯಿತು. ‘ವುಮನ್’ ಆದದ್ದು 1985ರಲ್ಲಿ, ಬೇರೆಯವರ ಕೈಯಲ್ಲಿ.

ಬೆನ್ ಗ್ರಿಮ್ ಬೇರೆಯೇ ಮಾತು. ಈ ಮಾಲಿಕೆಯನ್ನು ಕ್ರಮವಾಗಿಯೇ ಓದಬೇಕು ಎಂದು ನಾನು ಹಟ ಹಿಡಿಯುವುದು ಅವನಿಗಾಗಿ. ಅವನ ಚರ್ಮವನ್ನೇ ನೋಡಿ. ಮೊದಲ ಸಂಚಿಕೆಗಳಲ್ಲಿ ಅದು ಒದ್ದೆ ಜೇಡಿಮಣ್ಣಿನ ಉಂಡೆ, ಅಲ್ಲಲ್ಲಿ ಜೋತುಬಿದ್ದಿದೆ, ಮುಖದಲ್ಲಿ ಹುಬ್ಬಿನ ಗುರುತಿಲ್ಲ. ಕರ್ಬಿಯ ಪೆನ್ಸಿಲ್ ಮೇಲೆ ಶಾಯಿ ಹಾಕುವವರು ಬದಲಾಗುತ್ತ ಹೋಗುತ್ತಾರೆ: ಡಿಕ್ ಏಯರ್ಸ್, ಜಾರ್ಜ್ ರೂಸೋಸ್, ಚಿಕ್ ಸ್ಟೋನ್, ವಿನ್ಸ್ ಕೊಲೆಟಾ. ಮಣ್ಣು ಒಣಗಿ ಬಿರುಕುಬಿಟ್ಟ ಹಾಗೆ ಚಕ್ಕೆಗಳು ಮೂಡುತ್ತವೆ. 44ನೇ ಸಂಚಿಕೆಯಿಂದ ಜೋ ಸಿನಟ್ ಬಂದು ಕೂತ ಮೇಲೆ ಒಂದೊಂದು ಚಕ್ಕೆಗೂ ಅಂಚು, ನೆರಳು, ತೂಕ ಬಂದು, ಹುಬ್ಬಿನ ಜಾಗದಲ್ಲಿ ಕಲ್ಲಿನ ಮಾಡು ಎದ್ದು, ಅದರಡಿಯಲ್ಲಿ ನೀಲಿ ಕಣ್ಣು ಒಳಗೆ ಸರಿಯುತ್ತದೆ. ರಾಕ್ಷಸನಾಗಿ ಶುರುವಾದವನು ಕಲ್ಲಾಗುತ್ತ ಆಗುತ್ತ ಮನುಷ್ಯನಾಗುತ್ತಾನೆ. ಇದನ್ನು ಯಾರೂ ಕಥೆಯೆಂದು ಬರೆದಿಲ್ಲ. ನಾಲ್ಕು ವರ್ಷ ಬೇರೆ ಬೇರೆ ಕೈ ತಗುಲಿ ತಾನಾಗಿ ಆದದ್ದು.

1966ರ 48, 49, 50ನೇ ಸಂಚಿಕೆಗಳನ್ನು ‘ಗಲಾಕ್ಟಸ್ ತ್ರಿವಳಿ’ ಎಂದು ಬಿಡಿ ಪುಸ್ತಕವಾಗಿ ಮಾರುತ್ತಾರೆ. ಗ್ರಹಗಳನ್ನೇ ತಿಂದು ಬದುಕುವ ದೈತ್ಯ ಭೂಮಿಗೆ ಬರುವ ಕಥೆ. ಕ್ರಮವಾಗಿ ಬಂದವರಿಗೆ ಆ ಹೆಸರು ನಗು ತರಿಸೀತು. 48ನೆಯದರ ಮೊದಲ ಪುಟಗಳು ಹೋಗುವುದು ಇನ್‌ಹ್ಯೂಮನ್ಸ್ ಎಂಬವರ ಹಳೆ ಕಥೆ ಮುಗಿಸುವುದಕ್ಕೆ. ಗಲಾಕ್ಟಸ್ ಕಾಲಿಡುವುದು ಕೊನೆಯ ಪುಟದಲ್ಲಿ. 50ನೆಯದರ ನಡುವಿನಲ್ಲೇ ಅವನು ಹೊರಟುಹೋಗುತ್ತಾನೆ. ಉಳಿದ ಪುಟಗಳಲ್ಲಿ ಜಾನಿ ಕಾಲೇಜು ಸೇರುತ್ತಾನೆ! ಪ್ರಳಯ ತಪ್ಪಿದ ಮರುಗಳಿಗೆ ಹಾಸ್ಟೆಲ್ ಚಿಂತೆ. ಬಿಡಿ ಪುಸ್ತಕದಲ್ಲಿ ಇದು ಜೋಡಣೆಯ ದೋಷದಂತೆ ಕಾಣುತ್ತದೆ. ನನಗಂತೂ ಆ ಮೂರು ಸಂಚಿಕೆಗಳ ಜೀವ ಇರುವುದೇ ಇಲ್ಲಿ ಅನಿಸಿದೆ. ದೈತ್ಯನ ಮುಂಗಾವಲಿನ ಬೆಳ್ಳಿಮೈಯ ಸಿಲ್ವರ್ ಸರ್ಫರ್ ಕೂಡ ಮೊದಲ ಮಾತುಕತೆಯಲ್ಲಿ ಇರಲಿಲ್ಲ. ಇಂಥವನಿಗೆ ಒಬ್ಬ ದೂತ ಬೇಡವೇ ಎಂದು ಕರ್ಬಿ ಬರೆದು ಕಳಿಸಿದ ಪುಟಗಳಲ್ಲಿ ಅವನನ್ನು ಲೀ ಮೊದಲ ಬಾರಿ ಕಂಡರು. ಕಥೆಯ ಎಳೆ ಮಾತಾಡಿಕೊಳ್ಳುವುದು, ಚಿತ್ರಗಾರ ಪುಟ ಕಟ್ಟುವುದು, ಆಮೇಲೆ ಮಾತು ತುಂಬುವುದು ಅವರ ಪದ್ಧತಿ. ಅರ್ಧ ಕಥೆ ಹುಟ್ಟುತ್ತಿದ್ದದ್ದು ಪೆನ್ಸಿಲ್ ತುದಿಯಲ್ಲೇ.

51ನೇ ಸಂಚಿಕೆಯ ಮೊದಲ ಪುಟ: ಬೆನ್ ಒಬ್ಬನೇ ಮಳೆಯಲ್ಲಿ ನಿಂತಿದ್ದಾನೆ. ಇಡೀ ಪುಟಕ್ಕೆ ಒಂದೇ ಚಿತ್ರ. ಹೊಡೆದಾಟವಿಲ್ಲ, ಖಳನಿಲ್ಲ. ಕಲ್ಲಿನ ಮೈಮೇಲೆ ನೀರಿಳಿಯುತ್ತಿದೆ, ಹೆಗಲು ಕುಸಿದಿದೆ. ಕಾಮಿಕ್ಸ್ ಕುರಿತ ಪುಸ್ತಕಗಳಲ್ಲಿ ಈ ಪುಟವನ್ನು ಎಷ್ಟೋ ಸಲ ನೋಡಿದ್ದೆ, ಚಂದದ ಚಿತ್ರ ಅಂದುಕೊಂಡು ಮಗುಚಿದ್ದೆ. ಈ ಸಲ ಹಿಂದಿನ ಸಂಚಿಕೆ ಈಗಷ್ಟೇ ಓದಿ ಮುಗಿಸಿದ್ದೆ. ಅದರಲ್ಲಿ ಬೆನ್‌ನ ಗೆಳತಿ, ಕಣ್ಣಿಲ್ಲದ ಶಿಲ್ಪಿ ಅಲಿಸಿಯಾ ಸರ್ಫರನೊಡನೆ ಮಾತಾಡುತ್ತಿರುವುದನ್ನು ಇವನು ದೂರದಿಂದ ಕಂಡು, ಅವಳಿಗೆ ಆ ಹೊಳೆಯುವವನೇ ಸರಿ ಎಂದುಕೊಂಡು ತೆಪ್ಪಗೆ ಹೊರಟಿದ್ದ. ಐವತ್ತು ಸಂಚಿಕೆ ಗುಡುಗಿ, ಜೋಕು ಹೊಡೆದು, ಗೋಡೆ ಒಡೆದವನು ಈಗ ಒಂದು ಮಾತೂ ಆಡದೆ ಎದ್ದು ಬಂದಿದ್ದಾನೆ. ಮಳೆ ಆಗ ಬರೀ ಮಳೆಯಾಗಿ ಉಳಿಯಲಿಲ್ಲ.

ಹಾಗೆಂದು ಈ ಓದಿನ ಶೈಲಿಯಲ್ಲಿ ಮೋಸವಿಲ್ಲದಿಲ್ಲ. ಒಂದು ರಾತ್ರಿಗೆ ಎಂಟು ಹತ್ತು ಸಂಚಿಕೆ ನುಂಗಲು ಹೋದೆ, ತಲೆ ಚಿಟ್ಟು ಹಿಡಿಯಿತು. ಪ್ರತಿ ಸಲವೂ ರೀಡ್‌ನ ಮೈ ರಬ್ಬರಿನಂತೆ ಹಿಗ್ಗುತ್ತದೆಂದು ವಿವರಣೆ. ಪ್ರತಿ ಸಲವೂ ಜಾನಿ ತಾನು ಉರಿದೆನೆಂದು ಕೂಗಬೇಕು. ತಿಂಗಳು ಕಾದು ಓದುವ ಹುಡುಗನಿಗೆ ನೆನಪು ಮಾಡಿಕೊಡಲು ಇಟ್ಟ ಸಾಲುಗಳು ಅವು. ಧಾರಾವಾಹಿಯನ್ನು ಪುಸ್ತಕವಾಗಿ ಓದಿದಾಗ ಅಧ್ಯಾಯ ಅಧ್ಯಾಯಕ್ಕೂ ಹಿಂದಿನದು ನೆನಪಿಸುವ ಕಾದಂಬರಿಕಾರ ಬೇಸರ ತರಿಸುವುದಿಲ್ಲವೇ, ಹಾಗೆ. ಆಮೇಲೆ ರಾತ್ರಿಗೆ ಎರಡೇ ಎಂದು ಕಟ್ಟುಮಾಡಿಕೊಂಡೆ, ರುಚಿ ಹಿಂತಿರುಗಿತು. ಇನ್ನು ಕೆಲವರು ಆ ತಿಂಗಳು ಮಾರ್ವೆಲ್ ಹೊರತಂದ ಎಲ್ಲ ಮಾಲಿಕೆಗಳನ್ನೂ ದಿನಾಂಕದ ಪ್ರಕಾರ ಹೆಣೆದು ಓದುತ್ತಾರೆ. ಅದು ನನ್ನ ಮಟ್ಟಿಗೆ ಶಾನುಭೋಗರ ಕಡತ ತಿರುವಿದಂತೆ. ಥಾರ್‌ನ ಒಂದು ಸಂಚಿಕೆ ಎಲ್ಲಿ ಕೂರುತ್ತದೆಂದು ಲೆಕ್ಕ ಹಾಕುವಷ್ಟರಲ್ಲಿ ಕೈಯಲ್ಲಿದ್ದ ಕಥೆಯ ಬಿಸಿ ಆರಿರುತ್ತದೆ. ಅದರಿಂದ ಲಾಭವಾಗುವುದು ಒಂದೇ ಕಡೆ, ರೀಡ್ ಮತ್ತು ಸೂ ಮದುವೆಯಾಗುವ 1965ರ ವಾರ್ಷಿಕದಲ್ಲಿ. ಆ ಲೋಕದ ನಾಯಕ–ಖಳರೆಲ್ಲ ನೆರೆದ ಮದುವೆಮನೆಯ ಬಾಗಿಲಲ್ಲಿ ಲೀ ಮತ್ತು ಕರ್ಬಿಯನ್ನೇ ಒಳಗೆ ಬಿಡದೆ ಹಿಂದಕ್ಕೆ ಕಳಿಸುತ್ತಾರೆ.

ಕೊನೆಯ ಮೂವತ್ತು ಸಂಚಿಕೆಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚಿತ್ರ ಇನ್ನೂ ಭವ್ಯವಾಗಿದೆ, ಯಂತ್ರಗಳು ಪುಟ ಮೀರಿ ಬೆಳೆದಿವೆ. ಹೊಸ ಪಾತ್ರಗಳು ಮಾತ್ರ ಹುಟ್ಟುವುದು ಅಪರೂಪವಾಗಿದೆ. 52ರಲ್ಲಿ ಬ್ಲ್ಯಾಕ್ ಪ್ಯಾಂಥರ್‌ನನ್ನು ಕೊಟ್ಟ ಕೈ 90ರ ಸುಮಾರಿಗೆ ಅನ್ಯಗ್ರಹದಲ್ಲಿ ಷಿಕಾಗೋ ಗೂಂಡಾಗಳ ಕಥೆ ಹೇಳುತ್ತಿದೆ. ಕರ್ಬಿಗೆ ಕಂಪನಿಯೊಡನೆ ಮನಸ್ಸು ಮುರಿದಿತ್ತು, ಹೊಸ ಕಲ್ಪನೆಗಳನ್ನು ಬೇರೆಯವರ ಸೊತ್ತಾಗಿ ಬಿಟ್ಟುಕೊಡಲು ಇಷ್ಟವಿರಲಿಲ್ಲ. ಪುಟಗಳಲ್ಲಿ ಆ ಜಿಪುಣತನ ಕಾಣುತ್ತದೆ, ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

102ನೇ ಸಂಚಿಕೆ ಬಂದದ್ದು 1970ರ ಸೆಪ್ಟೆಂಬರ್ ತಾರೀಖಿನಲ್ಲಿ. ನೇಮರ್ ಮತ್ತು ಮ್ಯಾಗ್ನೆಟೋ ಸೇರಿ ನಾಲ್ವರ ಮೇಲೆ ಬಿದ್ದಿದ್ದಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಸಂಪುಟ ಮುಚ್ಚಿ, ಮುಂದಿನದನ್ನು ಎತ್ತಿ 103 ತೆರೆದೆ. ಅದೇ ಹೊಡೆದಾಟ ಮುಂದುವರಿದಿತ್ತು. ಚಿತ್ರ ಜಾನ್ ರೋಮಿಟಾರದು. ಬೆನ್‌ನ ಮುಖ ಸ್ವಲ್ಪ ಮೆದುವಾಗಿತ್ತು.