ಕ್ಯಾಮರಾ ಯಾರ ಜೊತೆ ಹೊರಡುತ್ತದೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮಗಳ ಪಿಯುಸಿ ಮುಗಿಯಿತೆಂದರೆ ಮಾತು ಹೆಚ್ಚು ದೂರ ಹೋಗುವುದಿಲ್ಲ. ಬಿ.ಕಾಂ., ನರ್ಸಿಂಗ್, ಅಂಕ ಚೆನ್ನಾಗಿದ್ದರೆ ಎಂಜಿನಿಯರಿಂಗ್. ಅಪ್ಪಿತಪ್ಪಿ ಒಬ್ಬಳು, "ಸಿನಿಮಾ ಕಲಿಯುತ್ತೇನೆ" ಎಂದಳೋ, "ಏನು, ನಟಿಯಾಗಲಿಕ್ಕಾ?" ಎಂಬುದೇ ಮೊದಲ ಪ್ರಶ್ನೆ. ಹುಡುಗಿ ಕ್ಯಾಮರಾದ ಹಿಂದೆಯೂ ನಿಲ್ಲಬಹುದೆಂಬ ಯೋಚನೆ ನಮಗೆ ಬರುವುದೇ ಇಲ್ಲ.

ಕಲಿಯುವವರಿಗೆ ದಾರಿಗಳಿಲ್ಲದಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮೂಹ ಸಂವಹನ ವಿಭಾಗವಿದೆ. ಉಜಿರೆಯ ಎಸ್.ಡಿ.ಎಂ. ಕಾಲೇಜು ಫಿಲ್ಮ್ ಮೇಕಿಂಗ್ ಕಲಿಸುವ ಪದವಿ ತರಗತಿಯನ್ನೇ ತೆರೆಯಿತು. ಇನ್ನೂ ದೂರ ಹೋಗಬಲ್ಲವರಿಗೆ ಪುಣೆಯಲ್ಲಿ ಕೇಂದ್ರ ಸರಕಾರ 1960ರಲ್ಲಿ ಆರಂಭಿಸಿದ ಸಂಸ್ಥೆಯಿದೆ. ಆದರೆ ಚಿತ್ರ ಹಿಡಿಯುವ ಯಂತ್ರ ಇಂದು ಪ್ರತಿಯೊಬ್ಬರ ಅಂಗೈಯಲ್ಲಿದೆಯಲ್ಲ, ಮತ್ತೆ ತರಗತಿ ಯಾಕೆ ಎಂದು ನೀವು ಕೇಳಬಹುದು. ಗುಂಡಿ ಒತ್ತುವುದನ್ನು ಕಲಿಯಲು ಖಂಡಿತ ತರಗತಿ ಬೇಡ. ಎಲ್ಲಿ ನಿಂತು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಮಾತ್ರ ಕಲಿಯಲೇಬೇಕು. ಎರಡು ಕನ್ನಡ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಈ ಮಾತು ಸ್ಪಷ್ಟವಾದೀತು.

ಮಣಿಪಾಲದಲ್ಲಿ ಫಾರ್ಮಸಿ ಓದಿದ ಗಿರೀಶ ಕಾಸರವಳ್ಳಿಯವರು ಪುಣೆಯ ಸಂಸ್ಥೆಯಲ್ಲಿ ಸಿನಿಮಾ ಕಲಿತರು. ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ದುಡಿದು, 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಅದೇ ಕಾರಂತರು ಅದಕ್ಕೆ ಸಂಗೀತ ಕೊಟ್ಟರು. ಸ್ವರ್ಣಕಮಲ ಪಡೆದ ಈ ಚಿತ್ರ ಹೊಸದಾಗಿ ಸಂಸ್ಕರಣೆಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿಯೂ ಪ್ರದರ್ಶನ ಕಂಡಿತು. ಎಳೆಯ ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ನೋಡುವುದು ವೇದ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿಂದ. ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ; ಆ ತಿಳಿಯದ ಅರ್ಧವೇ ನಮ್ಮ ಎದೆಯನ್ನು ಹಿಂಡುತ್ತದೆ. ಕಲಿತ ಕೈಯ ಕೆಲಸವೆಂದರೆ ಇದು. ಆದರೆ ಕೊನೆಗೆ ಏನಾಗುತ್ತದೆ? ತಲೆ ಬೋಳಾದ ಯಮುನಕ್ಕ ಮರದಡಿಯಲ್ಲಿ ಕುಳಿತಿದ್ದಾಳೆ. ನಾಣಿ ತಂದೆಯ ಕೈಹಿಡಿದು ಊರು ಬಿಡುತ್ತಾನೆ. ಅವನೊಂದಿಗೆ ನಾವೂ ಹೊರಟುಬಿಡುತ್ತೇವೆ. ಮರುದಿನ ಬೆಳಿಗ್ಗೆ ಅವಳು ಏನು ಉಂಡಳು, ಎಲ್ಲಿ ಮಲಗಿದಳು? ಕಥೆಗೆ ಅದು ಬೇಕಿಲ್ಲ.

ಇನ್ನೊಂದು 'ಫಣಿಯಮ್ಮ'. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ನಮ್ಮಲ್ಲಿ ಓದದ ಹೆಂಗಸರು ಕಡಿಮೆ. ಅದನ್ನು 1980ರ ದಶಕದ ಆರಂಭದಲ್ಲಿ ತೆರೆಗೆ ತಂದವರು ಪ್ರೇಮಾ ಕಾರಂತರು. ಅವರು ಕಲಿತದ್ದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಅದೂ ಸರಕಾರದ್ದೇ. ಇಲ್ಲಿಯೂ ಇರುವುದು ಬಾಲವಿಧವೆಯ ಬೋಳು ತಲೆ. ಆದರೆ ಕ್ಯಾಮರಾ ಅವಳನ್ನು ಬಿಟ್ಟು ಹೋಗುವುದಿಲ್ಲ. ಹೊರಗಿನವರ ಕಣ್ಣಿಗೆ ಮುಗಿದುಹೋದಂತೆ ಕಾಣುವ ಬಾಳು ಅಲ್ಲಿಂದಲೇ ಶುರುವಾಗುತ್ತದೆ. ಕೆಲಸ, ಮೌನ, ವಯಸ್ಸು, ಕೊನೆಗೆ ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರ ನಿಲ್ಲುವ ಧೈರ್ಯ. ಚಿತ್ರದ ಕಟ್ಟಡ 'ಘಟಶ್ರಾದ್ಧ'ದಷ್ಟು ಬಿಗಿಯಲ್ಲ. ಅಲ್ಲಲ್ಲಿ ನಾಟಕದ ನಡೆ ಕಾಣುತ್ತದೆ. ಆದರೂ ಹೆಣ್ಣೊಬ್ಬಳ ಪಕ್ಕದಲ್ಲಿ ಕೊನೆಯವರೆಗೆ ಕುಳಿತಿರುವ ತಾಳ್ಮೆ ಇದಕ್ಕಿದೆ.

ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂದು ತೂಗುವುದು ನನ್ನ ಉದ್ದೇಶವಲ್ಲ. ನೋಡುವವರು ನಿಂತ ಜಾಗ ಬದಲಾದರೆ ಕಥೆಯೇ ಬದಲಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಮ್ಮ ಕಡೆಯ ವಿದ್ಯಾರ್ಥಿಗಳು ಮಾಡಿದ ಕೆಲವು ಕಿರುಚಿತ್ರಗಳನ್ನು ನಾನು ನೋಡಿದ್ದೇನೆ. ಹುಡುಗರು ಕ್ಯಾಮರಾ ಹಿಡಿದಿರುತ್ತಾರೆ, ಹುಡುಗಿಯರು ಮೈಕು. ಸಾವಿರ ಕಂಬದ ಬಸದಿ, ಗಡಾಯಿಕಲ್ಲು, ನೇತ್ರಾವತಿಯ ಹೊಳೆ ಎಲ್ಲವೂ ಆಕಾಶದಿಂದ ಬಲು ಚಂದ ಕಾಣುತ್ತವೆ. ಆದರೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸು ಆಕಾಶದಿಂದ ಕಾಣುವುದಿಲ್ಲ. ಅವಳು ಕಾಣಬೇಕಾದರೆ ಜಗಲಿಯಲ್ಲಿ, ಅವಳೆದುರು, ನೆಲದ ಮೇಲೆ ಕೂರಬೇಕು. ಅವಳ ಮಗಳಿಗೆ ಆ ಜಾಗ ಯಾರೂ ತೋರಿಸದೆಯೇ ಗೊತ್ತು. ಗೊತ್ತಿಲ್ಲದ್ದು ಬೆಳಕಿನ ಲೆಕ್ಕ, ಶಬ್ದದ ಹದ, ಜೋಡಣೆಯ ಗುಟ್ಟು. ಅದನ್ನು ಕಲಿಸುವುದೇ ವಿಶ್ವವಿದ್ಯಾನಿಲಯದ ಕೆಲಸ. ಕಡಿಮೆ ಶುಲ್ಕದಲ್ಲಿ ಒಳ್ಳೆಯ ಉಪಕರಣ, ಹಾಳಾದರೆ ಮತ್ತೊಮ್ಮೆ ಮಾಡಿ ನೋಡುವ ಪುರುಸೊತ್ತು, ಜಗಳಾಡುವ ನಾಲ್ಕು ಗೆಳತಿಯರು: ಬಡವರ ಮನೆಯ ಹುಡುಗಿಗೆ ಇವು ಬೇರೆಲ್ಲಿ ಸಿಗುತ್ತವೆ?

ಓದಿದ ಮೇಲೆ ಕೆಲಸದ ಖಾತ್ರಿ ಇದೆಯೇ ಎಂದರೆ, ಇಲ್ಲ. ತಾಯಂದಿರ ಈ ಭಯ ಸುಳ್ಳಲ್ಲ. ಮದುವೆ ವಿಡಿಯೋ, ಸುದ್ದಿವಾಹಿನಿ, ಜಾಹೀರಾತು ಎಂದು ಹೊಟ್ಟೆಗೆ ದಾರಿ ಹುಡುಕಬೇಕಾದೀತು. ಆದರೆ ಪುಣೆಯಲ್ಲಿ ಕಲಿತ ಪಾಯಲ್ ಕಪಾಡಿಯಾ 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಗೆದ್ದದ್ದು ಯಾವ ಕಥೆಗೆ ಗೊತ್ತೇ? ಮುಂಬೈಯಲ್ಲಿ ದುಡಿಯುವ ಮಲಯಾಳಿ ನರ್ಸುಗಳ ಕಥೆಗೆ. ನಮ್ಮೂರಿನಿಂದಲೂ ಎಷ್ಟು ನರ್ಸುಗಳು ಹೋಗಿಲ್ಲ! ಅವರ ಕಥೆಯನ್ನು ಅವರ ತಂಗಿಯರಲ್ಲೊಬ್ಬಳು ಹೇಳಲಿ. ಇಲ್ಲವಾದರೆ ನಾಣಿ ಪ್ರತಿ ಸಲವೂ ಊರು ಬಿಡುತ್ತಾನೆ, ಮರದಡಿಯಲ್ಲಿ ಕುಳಿತವಳ ಪಕ್ಕ ಯಾರೂ ಉಳಿಯುವುದಿಲ್ಲ.